ಆಲ್ಟಿಮೀಟರ್ ಲೆಕ್ಕ: ನಂದಿಬೆಟ್ಟ ನೋಡಿ ಅರ್ಥವಾದದ್ದು

ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸಿನ ಪರೀಕ್ಷೆಗೆ ಓದುತ್ತಿದ್ದೇನೆ. ನಾನು ಎರಡು ವಾರ ಒದ್ದಾಡಿದ್ದು ಒಂದೇ ಕಡೆ: ಗಾಳಿಯ ಒತ್ತಡ ಕಡಿಮೆಯಾದರೆ ಆಲ್ಟಿಮೀಟರ್ (ವಿಮಾನದ ಎತ್ತರ ತೋರಿಸುವ ಮೀಟರ್) ಜಾಸ್ತಿ ತೋರಿಸುತ್ತದಾ, ಕಡಿಮೆಯಾ?

ಮೊದಲು ಇದನ್ನು ಹಿಡಿಯಿರಿ. ಆಲ್ಟಿಮೀಟರಿಗೆ ಎತ್ತರ ಗೊತ್ತಿಲ್ಲ, ಗಾಳಿಯ ಒತ್ತಡ ಮಾತ್ರ ಗೊತ್ತು. ಮೇಲೆ ಹೋದಂತೆ ಒತ್ತಡ ಇಳಿಯುತ್ತದೆ. ಹಾಗಾಗಿ ಒತ್ತಡ ಇಳಿದರೆ ಸಾಕು, 'ಮೇಲೇರಿದ್ದೀವಿ' ಅಂತಲೇ ಅದರ ಲೆಕ್ಕ.

ಚಿಕ್ಕಬಳ್ಳಾಪುರದ ನಮ್ಮ ಮನೆ ಮಾಳಿಗೆಯಿಂದ ನಂದಿಬೆಟ್ಟ ಕಾಣುತ್ತದೆ. ಅದರ ತುದಿ ಸಮುದ್ರಮಟ್ಟದಿಂದ 1,478 ಮೀಟರ್, ಅಂದರೆ ಸುಮಾರು 4,850 ಅಡಿ. ಈಗ ಲೆಕ್ಕಕ್ಕೆ, ಕ್ಯೂಎನ್‌ಎಚ್ (ಆ ಜಾಗದ ಒತ್ತಡವನ್ನು ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಸಂಖ್ಯೆ) 1018 ಹೆಕ್ಟೋಪ್ಯಾಸ್ಕಲ್ ಇರುವ ಊರಿಂದ ಹೊರಟಿದ್ದೇವೆ ಅಂದುಕೊಳ್ಳಿ. ಆಲ್ಟಿಮೀಟರಿನ ಮುಳ್ಳು 5,000 ಅಡಿಯಲ್ಲಿದೆ. ಬೆಟ್ಟದ ಹತ್ತಿರ ಕ್ಯೂಎನ್‌ಎಚ್ 1008. ಆಲ್ಟಿಮೀಟರಿಗೆ ಈ ಸಂಖ್ಯೆ ಹಾಕುವ ಗುಂಡಿಯನ್ನು ನಾವು ತಿರುಗಿಸಿಲ್ಲ, ಅದು 1018ರಲ್ಲೇ ಇದೆ.

ದಾರಿಯಲ್ಲಿ ಒತ್ತಡ ಇಳಿಯುತ್ತಾ ಹೋಗುತ್ತದೆ. ವಿಮಾನ ಏರದಿದ್ದರೂ ಮುಳ್ಳು ಏರುತ್ತದೆ. ನಾವು ಏನು ಮಾಡುತ್ತೇವೆ? ಮುಳ್ಳನ್ನು 5,000ದಲ್ಲೇ ಉಳಿಸಲು ಮೂತಿ ಕೆಳಗೆ ಮಾಡುತ್ತೇವೆ. ನಾನು ಬಿಟ್ಟಿದ್ದು ಈ ಹೆಜ್ಜೆಯನ್ನೇ! ಮುಳ್ಳು ಅಲ್ಲೇ ನಿಂತಿರುತ್ತದೆ, ಕೆಳಗಿಳಿಯುವುದು ವಿಮಾನ. ಒತ್ತಡದಲ್ಲಿ 1 ಹೆಕ್ಟೋಪ್ಯಾಸ್ಕಲ್ ವ್ಯತ್ಯಾಸಕ್ಕೆ ಸುಮಾರು 30 ಅಡಿ. 10ಕ್ಕೆ 300 ಅಡಿ. ನಿಜವಾದ ಎತ್ತರ 4,700. ಬೆಟ್ಟದ ತುದಿಗಿಂತ 150 ಅಡಿ ಕೆಳಗೆ. ಮೋಡ ಕವಿದಿದ್ದರೆ ಏನಾಗುತ್ತದೆ, ಯೋಚಿಸಿ. ನನಗಂತೂ ಈ ಲೆಕ್ಕ ಬರೀ ಪರೀಕ್ಷೆಯ ಪ್ರಶ್ನೆಯಾಗಿ ಉಳಿದಿಲ್ಲ.

ಪರೀಕ್ಷೆಯಲ್ಲಿ ನಾನು ಬಳಸುವ ಗುರುತು: ಗುಂಡಿಯ ಸಂಖ್ಯೆ ಏರಿದರೆ ಮುಳ್ಳೂ ಏರುತ್ತದೆ. ಇರಬೇಕಾದ್ದಕ್ಕಿಂತ ದೊಡ್ಡ ಸಂಖ್ಯೆ ಉಳಿದಿದೆಯಾ? ಹಾಗಾದರೆ ಮುಳ್ಳು ಜಾಸ್ತಿ ತೋರಿಸುತ್ತಿದೆ, ನಾವು ಕೆಳಗಿದ್ದೇವೆ. ಸುಮ್ನೆ ಬಾಯಿಪಾಠ ಮಾಡಬೇಡಿ, ನಾಲ್ಕು ಸಲ ಚಿತ್ರ ಬರೆದು ನೋಡಿ.

ಕ್ಯೂಎಫ್‌ಇ, ಅಂದರೆ ನಿಲ್ದಾಣದ ನೆಲಮಟ್ಟದಲ್ಲೇ ಇರುವ ಒತ್ತಡ, ಸುಲಭ. ದೇವನಹಳ್ಳಿ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಅಲ್ಲಿ ನಿಂತಾಗ ಕ್ಯೂಎನ್‌ಎಚ್ ಹಾಕಿದರೆ 3,000 ತೋರಿಸುತ್ತದೆ, ಕ್ಯೂಎಫ್‌ಇ ಹಾಕಿದರೆ ಸೊನ್ನೆ. ಫ್ಲೈಟ್ ಲೆವೆಲ್‌ನಲ್ಲಿ, ಅಂದರೆ ತುಂಬಾ ಮೇಲೆ ಹಾರುವಾಗ, ಎಲ್ಲರೂ 1013.25 (ಸಮುದ್ರಮಟ್ಟದ ಸ್ಟ್ಯಾಂಡರ್ಡ್ ಒತ್ತಡ) ಹಾಕುತ್ತಾರೆ. ಎಲ್ಲರದ್ದೂ ಒಂದೇ ಅಳತೆಯಾದರೆ ಒಂದು ವಿಮಾನಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಸರಿಯಾಗಿ ಉಳಿಯುತ್ತದೆ, ಅಲ್ವಾ?