ನಮ್ ಹಳದಿ ಕಾಕಟೀಲ್ ಗಂಡೋ ಹೆಣ್ಣೋ, ಹೆಂಗ್ ಗೊತ್ತಾಗೋದು?

ತಲೆ ಮೇಲೆ ಜುಟ್ಟಿರೋ ಸಣ್ಣ ಗಿಣಿ ಕಾಕಟೀಲ್ ಬಗ್ಗೆ ಸಕಲೇಶಪುರದ ಓದುಗರೊಬ್ರು ಕೇಳಿದಾರೆ: "ಹಾಸನದಿಂದ ಹಳದಿ ಕಾಕಟೀಲ್ ಮರಿ ತಂದ್ವಿ. ಕೆನ್ನೆ ಮೇಲೆ ಕೇಸರಿ ಬಣ್ಣ ಇದೆಯಲ್ಲ, ಗಂಡೇ ಅಂದ್ರು ಅಂಗಡಿಯವ್ರು. ನಮ್ಮತ್ತೆ ದಾರಕ್ಕೆ ಉಂಗುರ ಕಟ್ಟಿ ಅದರ ತಲೆ ಮೇಲೆ ಹಿಡಿದು ನೋಡಿ ಹೆಣ್ಣು ಅಂತಿದಾರೆ. ಯಾರ ಮಾತು ನಂಬೋದು?"

ಸದ್ಯಕ್ಕೆ ಇಬ್ರದ್ದೂ ಬೇಡ. ಉಂಗುರ ಆಡೋದು ಹಿಡಿದಿರೋರ ಕೈ ಅಲುಗೋದಕ್ಕೆ, ಆದ್ರೂ ಇರೋದೇ ಎರಡು ಉತ್ತರ ಆಗಿರೋದ್ರಿಂದ ಅತ್ತೆ ಹೇಳಿದ್ದು ಅರ್ಧ ಸಲ ಸರಿಯಾಗೇ ಬರುತ್ತೆ, ಹಂಗಾಗಿ ಈ ನಂಬಿಕೆ ಸಾಯೋದೂ ಇಲ್ಲ. ಅಂಗಡಿಯವ್ರು ಹೇಳಿದ ಕೆನ್ನೆ ಲೆಕ್ಕ ಬೂದು ಬಣ್ಣದ ಕಾಕಟೀಲ್‌ದು, ಅದನ್ನ ತಂದು ಹಳದಿದಕ್ಕೆ ಹಾಕಿದಾರೆ.

ಗಿಣಿ ಜಾತಿಲಿ ನಾಯಿ ಬೆಕ್ಕಿನ ತರ ಹೊರಗಡೆ ನೋಡಿ ಹೇಳೋಕೆ ಏನೂ ಇರಲ್ಲ, ಗಂಡಿನ ಬೀಜ ಕೂಡ ಹೊಟ್ಟೆ ಒಳಗೆ ಕಿಡ್ನಿ ಹತ್ರ ಇರುತ್ತೆ. ಹಂಗಾಗಿ ಗರಿ, ಬಣ್ಣ, ದನಿ ನೋಡೇ ಅಂದಾಜು ಮಾಡ್ಬೇಕು. ಬೂದು ಕಾಕಟೀಲ್ ಆದ್ರೆ ಸುಲಭ, ಮರಿಲಿ ಎಲ್ಲಾ ಹೆಣ್ಣಿನ ತರಾನೇ ಕಾಣುತ್ವೆ, ಆರು ತಿಂಗಳ ಆಸುಪಾಸು ಮೊದಲ ಸಲ ಗರಿ ಉದುರಿಸಿ ಹೊಸದು ಬಂದ್ಮೇಲೆ ಗಂಡಿನ ಮುಖ ಪೂರ್ತಿ ಹಳದಿ ಆಗಿ ಕೆನ್ನೆ ಎದ್ದು ಕಾಣುತ್ತೆ, ಹೆಣ್ಣಿನ ಮುಖ ಮಂಕಾಗೇ ಇರುತ್ತೆ, ಬಾಲದ ಕೆಳಗಡೆ ಅಡ್ಡ ಪಟ್ಟೆನೂ ರೆಕ್ಕೆ ಅಡಿ ಚುಕ್ಕೆನೂ ಹಂಗೇ ಉಳಿಯುತ್ವೆ.

ನಿಮ್ಮದು ಲುಟಿನೋ, ಅಂದ್ರೆ ಕಪ್ಪು ಬಣ್ಣನೇ ಇಲ್ದೇ ಹುಟ್ಟಿರೋದು. ಇದ್ರಲ್ಲಿ ಗಂಡಿಗೂ ಹೆಣ್ಣಿಗೂ ಮುಖ ಹಳದಿ, ಕೆನ್ನೆ ಕೇಸರಿ. ಆದ್ರೆ ಬಾಲದ ಪಟ್ಟೆ ಮಾತ್ರ ಹೆಣ್ಣಲ್ಲಿ ಇದ್ದೇ ಇರುತ್ತೆ, ಬಿಳಿ ಮೇಲೆ ತೆಳು ಹಳದಿ ಆಗಿರೋದ್ರಿಂದ ಕಣ್ಣಿಗೆ ಬೀಳಲ್ಲ ಅಷ್ಟೇ. ವರ್ಷ ತುಂಬಿದ್ಮೇಲೆ ಬಾಲನ ಒಳ್ಳೆ ಬೆಳಕಿಗೆ ಅಡ್ಡ ಹಿಡಿದು ಕೆಳಗಿಂದ ನೋಡಿ, ಮೊಬೈಲ್ ಟಾರ್ಚ್ ಆದ್ರೂ ನಡೆಯುತ್ತೆ. ಪಟ್ಟೆ ಕಂಡ್ರೆ ಹೆಚ್ಚುಕಮ್ಮಿ ಹೆಣ್ಣೇ.

ಇನ್ನೊಂದು ದಾರಿ ಇದೆ, ನಂಗೆ ತುಂಬಾ ಇಷ್ಟ ಆಗೋದು ಇದೇ. ಅಂಗಡಿಯವ್ರನ್ನ ಗಂಡೋ ಹೆಣ್ಣೋ ಅಂತ ಕೇಳೋ ಬದಲು ಇದರ ತಾಯಿ ಯಾವ ಬಣ್ಣ ಅಂತ ಕೇಳಿ. ಮನುಷ್ಯರಲ್ಲಿ ಎಕ್ಸ್ ವೈ ಇದ್ದಂಗೆ ಹಕ್ಕಿಗಳಲ್ಲಿ ಝಡ್ ಡಬ್ಲ್ಯೂ ಅಂತ ಕ್ರೋಮೋಸೋಮ್, ಆದ್ರೆ ಉಲ್ಟಾ, ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದು ಝಡ್ ಒಂದು ಡಬ್ಲ್ಯೂ. ಲುಟಿನೋ ಗುಣ ಕೂರೋದು ಝಡ್ ಮೇಲೆ. ಗಂಡು ಮರಿ ಹಳದಿ ಆಗ್ಬೇಕು ಅಂದ್ರೆ ಅಪ್ಪನಿಂದ ಒಂದು ಅಮ್ಮನಿಂದ ಒಂದು ಎರಡೂ ಲುಟಿನೋ ಝಡ್ ಬರ್ಬೇಕು, ಅಮ್ಮನ ಹತ್ರ ಇರೋದೇ ಒಂದು ಝಡ್, ಅದು ಲುಟಿನೋ ಆಗಿದ್ರೆ ಅಮ್ಮನೂ ಹಳದಿನೇ ಇರ್ಬೇಕಲ್ವಾ. ಸೋ ತಾಯಿ ಬೂದು ಬಣ್ಣದ್ದಾಗಿದ್ರೆ ನಿಮ್ಮ ಹಳದಿ ಮರಿ ಹೆಣ್ಣು, ಅನುಮಾನನೇ ಬೇಡ. ತಾಯಿನೂ ಹಳದಿ ಅಂದ್ರೆ ಈ ಲೆಕ್ಕ ಕೆಲಸಕ್ಕೆ ಬರಲ್ಲ.

ಶಿಳ್ಳೆ ಹೊಡೆಯೋದು, ರೆಕ್ಕೆನ ಭುಜದ ಹತ್ರ ಸ್ವಲ್ಪ ಎತ್ಕೊಂಡು ಕನ್ನಡಿ ಮುಂದೆ ಓಡಾಡೋದು, ಕೊಕ್ಕಲ್ಲಿ ಟಕಟಕ ಬಡಿಯೋದು ಇದೆಲ್ಲ ಜಾಸ್ತಿ ಗಂಡಿನ ಬುದ್ಧಿ. ಆದ್ರೆ ಶಿಳ್ಳೆ ಹೊಡೆಯೋ ಹೆಣ್ಣೂ ಇದಾವೆ, ಅದೊಂದನ್ನೇ ನಂಬ್ಕೊಂಡು ಜೋಡಿ ತರೋಕೆ ಹೋಗ್ಬೇಡಿ.

ಬೇರೆ ಹಕ್ಕಿ ಇಟ್ಕೊಂಡಿರೋರಿಗೆ: ನಮ್ ಕಡೆ ಲವ್ ಬರ್ಡ್ಸ್ ಅಂತ ಮಾರೋ ಸಣ್ಣ ಬಜ್ಜಿ (ಬಡ್ಜರಿಗಾರ್) ಗಿಣಿಗಳಲ್ಲಿ ಕೊಕ್ಕಿನ ಮೇಲೆ ಮೂಗಿನ ತೂತು ಇರೋ ಜಾಗ ನೋಡಿ, ದೊಡ್ಡದಾದ್ಮೇಲೆ ಗಂಡಿಗೆ ನೀಲಿ, ಹೆಣ್ಣಿಗೆ ಬಿಳಿಚು ಇಲ್ಲಾ ಕಂದು. ಪೂರ್ತಿ ಹಳದಿ, ಪೂರ್ತಿ ಬಿಳಿ ಬಜ್ಜಿಲಿ ಗಂಡಿಗೂ ನೀಲಿ ಬರಲ್ಲ, ಗುಲಾಬಿ ಬಣ್ಣನೇ ಉಳಿಯುತ್ತೆ. ನೀಲಿ ಇದ್ದ ಗಂಡಿಗೆ ಆ ಜಾಗ ಕಂದು ಆಗ್ತಾ ಬಂದ್ರೆ ಬೀಜದಲ್ಲಿ ಗೆಡ್ಡೆ ಆಗಿರಬಹುದು, ಡಾಕ್ಟರಿಗೆ ತೋರಿಸಿ. ಎಕ್ಲೆಕ್ಟಸ್ ಗಂಡು ಹಸಿರು, ಹೆಣ್ಣು ಕೆಂಪು, ಹಿಂದೆ ಇವನ್ನ ಬೇರೆ ಬೇರೆ ಜಾತಿ ಅಂತಾನೇ ಅಂದ್ಕೊಂಡಿದ್ರಂತೆ. ಆಫ್ರಿಕನ್ ಗ್ರೇ, ಸನ್ ಕನ್ಯೂರ್ ಎಷ್ಟು ದಿಟ್ಟಿಸಿದ್ರೂ ಗೊತ್ತಾಗಲ್ಲ, ಅಂದಹಾಗೆ ಆ ಎರಡನ್ನೂ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಮಾಡಿಸ್ಬೇಕು. ಇನ್ನು ಕುತ್ತಿಗೆ ಪಟ್ಟಿ ಇರೋ ನಮ್ಮೂರ ಹಸಿರು ಗಿಣಿ, ಚಿಕ್ಕಮಗಳೂರು ಕಡೆ ಕಾಫಿ ತೋಟದಲ್ಲಿ ಬರೋ ನೀಲಿ ರೆಕ್ಕೆ ಗಿಣಿ, ಇವನ್ನ ಪಂಜರದಲ್ಲಿ ಇಡೋದೇ 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು, ಗಂಡಾದ್ರೇನು ಹೆಣ್ಣಾದ್ರೇನು.

ಪಕ್ಕಾ ಉತ್ತರ ಬೇಕು ಅಂದ್ರೆ ಡಿಎನ್‌ಎ ಟೆಸ್ಟ್. ಎದೆ ಭಾಗದಿಂದ ಮೂರ್ನಾಲ್ಕು ಸಣ್ಣ ಗರಿ ಕಿತ್ತು, ಬುಡ ಮುಟ್ಟದೇ ಕವರಿಗೆ ಹಾಕಿ ಲ್ಯಾಬಿಗೆ ಕೊರಿಯರ್ ಮಾಡೋದು. ಪಂಜರದಲ್ಲಿ ಉದುರಿ ಬಿದ್ದಿರೋ ಗರಿ ಕಳಿಸ್ಬೇಡಿ, ಅದರಲ್ಲಿ ಸಾಕಷ್ಟು ಡಿಎನ್‌ಎ ಸಿಗದೇ ಇರಬಹುದು, ಮೇಲಾಗಿ ಪಕ್ಕದ ಹಕ್ಕಿದೂ ಆಗಿರಬಹುದು. ಕೀಳೋಕೆ ಭಯ ಆದ್ರೆ ಹಕ್ಕಿ ನೋಡೋ ಡಾಕ್ಟರ ಹತ್ರ ಉಗುರಿಂದ ಒಂದು ಹನಿ ರಕ್ತ ತೆಗೆಸಿ. ಸಿಎಚ್‌ಡಿ ಅನ್ನೋ ಜೀನ್ ಝಡ್ ಮೇಲೂ ಡಬ್ಲ್ಯೂ ಮೇಲೂ ಬೇರೆ ಬೇರೆ ಉದ್ದ ಇರುತ್ತೆ, ಟೆಸ್ಟಲ್ಲಿ ಒಂದೇ ಗೆರೆ ಬಂದ್ರೆ ಗಂಡು, ಎರಡು ಬಂದ್ರೆ ಹೆಣ್ಣು.

ಇಷ್ಟೆಲ್ಲ ಯಾಕೆ, ಹೆಸರಿಡೋಕಾ ಅಂತ ಕೇಳಬಹುದು. ಹೆಣ್ಣಾದ್ರೆ ಗಂಡಿನ ಜೊತೆ ಇಲ್ದಿದ್ರೂ ಮೊಟ್ಟೆ ಇಡುತ್ತೆ, ಕೋಳಿ ಇಡಲ್ವಾ ಹಂಗೆ. ಬರೀ ಸೂರ್ಯಕಾಂತಿ ಬೀಜ ತಿಂದ್ಕೊಂಡಿದ್ರೆ ಕ್ಯಾಲ್ಸಿಯಂ ಸಾಲದೆ ಮೊಟ್ಟೆ ಒಳಗೇ ಸಿಕ್ಕಾಕ್ಕೊಳ್ಳುತ್ತೆ, ಅದರಲ್ಲೇ ಸಾಯೋದೂ ಉಂಟು. ಪಂಜರಕ್ಕೆ ಒಂದು ಕಟಲ್ ಬೋನ್ (ಕ್ಯಾಲ್ಸಿಯಂ ಇರೋ ಕಟಲ್ ಫಿಶ್ ಚಿಪ್ಪು) ಕಟ್ಟಿ, ಸೊಪ್ಪು ತರಕಾರಿ ಅಭ್ಯಾಸ ಮಾಡಿಸಿ, ಮೊಟ್ಟೆ ಇಟ್ರೆ ತಕ್ಷಣ ತೆಗೆದು ಬಿಸಾಕ್ಬೇಡಿ, ತೆಗೆದಷ್ಟೂ ಮತ್ತೆ ಇಡುತ್ತೆ. ಗರಿ ಉಬ್ಬಿಸ್ಕೊಂಡು ಪಂಜರದ ತಳದಲ್ಲಿ ಕೂತು ಬಾಲ ಮೇಲೆ ಕೆಳಗೆ ಆಡಿಸ್ತಾ ಮುಕ್ಕುತ್ತಿದ್ರೆ ಬೆಳಗಾಗ್ಲಿ ಅಂತ ಕಾಯದೇ ಡಾಕ್ಟರಿಗೆ ಫೋನ್ ಮಾಡಿ, ನಿಮ್ ಕಡೆಯವರಿಗೆ ಹಾಸನದ ವೆಟರ್ನರಿ ಕಾಲೇಜೂ ದೂರ ಇಲ್ಲ, ಹಕ್ಕಿ ನೋಡ್ತಾರಾ ಅಂತ ಇವತ್ತೇ ವಿಚಾರಿಸಿ ನಂಬರ್ ಬರೆದಿಟ್ಕೊಳ್ಳಿ.