ರೈಲ್‌ಬ್ಯಾಂಕಿಂಗ್: ಕಂಬಿ ಹೋದರೂ ದಾರಿ ಉಳಿಸಿಕೊಳ್ಳುವ ಉಪಾಯ

ರೈಲ್ವೆ, ಬ್ಯಾಂಕಿಂಗ್ ಎರಡೂ ಪದ ಒಟ್ಟಿಗೆ ಕಂಡರೆ ನಮಗೆ ಮೊದಲು ನೆನಪಾಗುವುದು ಕೋಚಿಂಗ್ ಸೆಂಟರ್ ಬೋರ್ಡು. ಈ ಪದಕ್ಕೂ ಪರೀಕ್ಷೆಗೂ ಸಂಬಂಧ ಇಲ್ಲ. ದುಡ್ಡಿಗೂ ಅಷ್ಟಾಗಿ ಇಲ್ಲ. ಇಲ್ಲಿ ಠೇವಣಿ ಇಡುವುದು ದಾರಿಯನ್ನು. ರೈಲು ಓಡದೆ ನಿಂತುಹೋದ ಮಾರ್ಗದ ಜಾಗವನ್ನು, ಮುಂದೆ ಯಾವತ್ತಾದರೂ ಬೇಕಾದೀತು ಅಂತ, ಚೂರುಚೂರಾಗದಂತೆ ಎತ್ತಿಡುವುದೇ ರೈಲ್‌ಬ್ಯಾಂಕಿಂಗ್. ಪದ ಅಮೆರಿಕದ್ದು, ಕಾನೂನೂ ಅಲ್ಲಿಯದ್ದೇ.

ಜಾಗ ಎಲ್ಲಿಗೆ ಓಡಿಹೋಗುತ್ತದೆ, ಎತ್ತಿಡುವುದು ಯಾಕೆ ಅನ್ನಿಸಬಹುದು. ಹಳ್ಳಿಯವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ನಕಾಶೆಯಲ್ಲಿ ಬಂಡಿದಾರಿ ಇರುತ್ತದೆ. ನಾಲ್ಕು ವರ್ಷ ಅದರಲ್ಲಿ ಗಾಡಿ ಓಡಾಡದಿದ್ದರೆ ಸಾಕು, ಅಕ್ಕಪಕ್ಕದ ಹೊಲದವರು ವರ್ಷಕ್ಕೊಂದು ಸಾಲು ಒಳಗೆ ಉಳುತ್ತಾ ಬರುತ್ತಾರೆ. ಕೊನೆಗೆ ದಾರಿ ಇದ್ದಲ್ಲಿ ಜೋಳ ನಿಂತಿರುತ್ತದೆ. ನಮ್ಮಲ್ಲಿ ಅದು ಒತ್ತುವರಿ. ಅಮೆರಿಕದಲ್ಲಿ ಎಷ್ಟೋ ಕಡೆ ಅದು ಕಾನೂನಿನ ಪ್ರಕಾರವೇ ಆಗುತ್ತಿತ್ತು. ಅಲ್ಲಿನ ಹಲವು ರೈಲು ಕಂಪನಿಗಳಿಗೆ ಇದ್ದದ್ದು ಜಮೀನಿನ ಮೇಲೆ ರೈಲು ಓಡಿಸುವ ಹಕ್ಕು ಮಾತ್ರ, ಜಮೀನಲ್ಲ. ಮಾರ್ಗ ಕೈಬಿಟ್ಟರೆ ಹಕ್ಕೂ ಮುಗಿಯಿತು. ಜಾಗ ಪಕ್ಕದ ಜಮೀನುದಾರನ ಪಾಲು.

1916ರ ಹೊತ್ತಿಗೆ ಅಲ್ಲಿ ಸುಮಾರು 4 ಲಕ್ಷ ಕಿ.ಮೀ. ರೈಲುಮಾರ್ಗ ಇತ್ತು. ಹೆದ್ದಾರಿ, ಲಾರಿ, ಕಾರು ಬಂದ ಮೇಲೆ ಒಂದೊಂದೇ ಸಣ್ಣ ಮಾರ್ಗ ಮುಚ್ಚುತ್ತಾ ಹೋಯಿತು. ಕಂಬಿಯನ್ನು ಗುಜರಿಗೆ ಹಾಕಿದರೂ ಮತ್ತೆ ತರಬಹುದು. ಊರಿಂದ ಊರಿಗೆ ಎಲ್ಲೂ ತುಂಡಾಗದ ಒಂದು ಪಟ್ಟಿ ಜಾಗವನ್ನು ಮತ್ತೆ ಹೊಂದಿಸಬೇಕೆಂದರೆ ಸಾವಿರ ಜನರ ಬಾಗಿಲು ತಟ್ಟಬೇಕು. ಹಳೇ ಮಾರ್ಗದಲ್ಲಿ ನಿಜವಾದ ಆಸ್ತಿ ಅದೇ.

ಹಾಗಾಗಿ 1983ರಲ್ಲಿ ಅಲ್ಲಿನ ಸಂಸತ್ತು ಒಂದು ಕಾನೂನಿಗೆ ತಿದ್ದುಪಡಿ ತಂದಿತು. ಕಂಪನಿ ಮಾರ್ಗ ಕೈಬಿಡಲು ಹೊರಟಾಗ ಊರಿನ ಆಡಳಿತವೋ ಒಂದು ಸಂಘವೋ ಮುಂದೆ ಬಂದು, ತೆರಿಗೆ, ನಿರ್ವಹಣೆ, ಅಪಘಾತದ ಹೊಣೆ ಎಲ್ಲ ನಮ್ಮದು ಅಂತ ಬರೆದುಕೊಡಬೇಕು. ಕಂಪನಿಯೂ ಒಪ್ಪಬೇಕು. ಆಗ ಆ ಮಾರ್ಗ ಲೆಕ್ಕದಲ್ಲಿ ‘ಕೈಬಿಟ್ಟದ್ದು’ ಆಗುವುದಿಲ್ಲ. ಕಂಬಿ ಕಿತ್ತು, ಜಲ್ಲಿ ಸಮ ಮಾಡಿ, ಸೈಕಲ್ ಮತ್ತು ನಡಿಗೆಯ ದಾರಿ ಮಾಡಿಕೊಳ್ಳಬಹುದು. ಮತ್ತೆ ರೈಲು ಬೇಕಾದರೆ ಬಿಟ್ಟುಕೊಡಬೇಕು, ಆಗ ಸೈಕಲ್‌ನವರು ತಕರಾರು ಮಾಡುವ ಹಾಗಿಲ್ಲ.

ಮಿಸೌರಿ ರಾಜ್ಯದ ಕೇಟಿ ಟ್ರೇಲ್ ಇದಕ್ಕೆ ದೊಡ್ಡ ಉದಾಹರಣೆ. ಮಿಸೌರಿ–ಕ್ಯಾನ್ಸಸ್–ಟೆಕ್ಸಸ್ ರೈಲ್ವೆಯನ್ನು ಜನ ಚಿಕ್ಕದಾಗಿ ‘ಕೆ-ಟಿ’ ಅಂತಿದ್ದರು, ಅದೇ ಬಾಯಲ್ಲಿ ಕೇಟಿ ಆಯಿತು. 1986ರಲ್ಲಿ ಪ್ರವಾಹಕ್ಕೆ ಹಳಿ ಹಾಳಾದಾಗ ಕಂಪನಿ ಆ ಭಾಗ ಬಿಟ್ಟಿತು. ಈಗ ಅಲ್ಲಿ ಸುಮಾರು 385 ಕಿ.ಮೀ. ಸೈಕಲ್ ದಾರಿ ಇದೆ. ನ್ಯೂಯಾರ್ಕ್‌ನ ಪ್ರಸಿದ್ಧ ಹೈಲೈನ್ ಉದ್ಯಾನವೂ ಇದೇ ಜಾತಿಯದ್ದು. ಆ ಮೇಲ್ಸೇತುವೆಯ ಮೇಲೆ 1980ರಲ್ಲಿ ಓಡಿದ ಕೊನೆಯ ಗೂಡ್ಸ್ ಗಾಡಿಯಲ್ಲಿ ಇದ್ದದ್ದು ಮಂಜುಗಟ್ಟಿಸಿದ ಟರ್ಕಿ ಕೋಳಿ! ಈಗ ಅಲ್ಲಿ ಹೂಗಿಡ ಇವೆ, ಬೆಂಚು ಇವೆ.

ಜಮೀನುದಾರರು ಸುಮ್ನೆ ಕೂರಲಿಲ್ಲ. ರೈಲು ನಿಂತ ಮೇಲೆ ಜಾಗ ನಮಗೆ ಬರಬೇಕಿತ್ತಲ್ಲ ಅಂತ ಸುಪ್ರೀಂ ಕೋರ್ಟಿನವರೆಗೆ ಹೋದರು. ಕಾನೂನು ಸರಿಯಾಗಿದೆ, ನಷ್ಟವಾಗಿದ್ದರೆ ಸರ್ಕಾರದಿಂದ ಪರಿಹಾರ ಕೇಳಿ ಅಂತ 1990ರಲ್ಲಿ ಕೋರ್ಟು ಹೇಳಿತು. ಅವರ ಸಿಟ್ಟು ಅನ್ಯಾಯದ್ದೇನಲ್ಲ ಅಂತ ನನಗನ್ನಿಸುತ್ತದೆ. ವಯೋಮಿಂಗ್‌ನಲ್ಲಿ ಮಾತ್ರ ಬೇರೆ ಕಥೆ. ಅಲ್ಲಿ ಮಾರ್ಗವನ್ನು ಹೀಗೆ ಎತ್ತಿಡದೆ ಪೂರ್ತಿ ಕೈಬಿಟ್ಟಿದ್ದರು. 2014ರಲ್ಲಿ ಕೋರ್ಟು ಆ ಜಾಗವನ್ನು ಜಮೀನುದಾರನಿಗೇ ಕೊಟ್ಟಿತು.

ಹಾಗಾದರೆ ಎತ್ತಿಟ್ಟ ದಾರಿಗೆ ರೈಲು ವಾಪಸ್ ಬಂದಿದೆಯಾ? ಬಂದಿದೆ, ಆದರೆ ಬೆರಳೆಣಿಕೆಯಷ್ಟು. ಕಾನೂನಿನಲ್ಲಿ ತಕರಾರಿಗೆ ಜಾಗ ಇಲ್ಲ ನಿಜ. ಆದರೆ ದಿನಾ ಮಕ್ಕಳನ್ನು ಕರೆದುಕೊಂಡು ವಾಕಿಂಗ್ ಹೋಗುವ ಜಾಗಕ್ಕೆ ಗೂಡ್ಸ್ ಗಾಡಿ ಬರುತ್ತದೆ ಅಂದರೆ ಊರು ಒಪ್ಪಬೇಕಲ್ವಾ? ಹೊಸದಾಗಿ ಹಳಿ ಹಾಕುವ ಖರ್ಚು ಬೇರೆ.

ನಮ್ಮ ಶಿವಮೊಗ್ಗ–ತಾಳಗುಪ್ಪ ಮಾರ್ಗವನ್ನು ಇದರ ಜೊತೆ ಸೇರಿಸಬೇಡಿ. ಮೀಟರ್ ಗೇಜ್ ಇದ್ದ ಕಾಲದಲ್ಲಿ ಅಲ್ಲಿ ರೈಲ್‌ಬಸ್ ಓಡುತ್ತಿತ್ತು, ಆಮೇಲೆ ಬ್ರಾಡ್‌ಗೇಜ್ ಬಂತು. ಅದು ಗೇಜ್ ಪರಿವರ್ತನೆ. ನಮ್ಮಲ್ಲಿ ಸಾಮಾನ್ಯವಾಗಿ ಹಳಿಯ ಕೆಳಗಿನ ಜಾಗ ರೈಲ್ವೆಯ ಸ್ವಂತದ್ದು. ಓಡಾಟ ನಿಂತರೂ ಅದು ಪಕ್ಕದ ಹೊಲದವರ ಹೆಸರಿಗೆ ಹೋಗುವುದಿಲ್ಲ. ಒತ್ತುವರಿ ಆಗಬಹುದು, ಅದು ಬೇರೆ ಮಾತು. ಈಗ ಬೆಂಗಳೂರಿಂದ ರಾತ್ರಿ ರೈಲು ಹತ್ತಿ, ಬೆಳಿಗ್ಗೆ ತಾಳಗುಪ್ಪದಲ್ಲಿ ಇಳಿದು ಜೋಗಕ್ಕೆ ಹೋಗುವವರಿಗೆ ಠೇವಣಿಯ ಲೆಕ್ಕವೇ ಬೇಕಾಗಿಲ್ಲ.