ಓದುಗರ ಪ್ರಶ್ನೆ: ಕೋಚ್ ಬದಲಾದರೂ ಬೆಂಗಳೂರು ಎಫ್‌ಸಿ 10ನೇ ಸ್ಥಾನದಲ್ಲೇ ಉಳಿದದ್ದು ಯಾಕೆ?

ಪ್ರಶ್ನೆ: ಕೊಡಗಿನ ನಾವು ಹಾಕಿ ನೋಡಿ ಬೆಳೆದವರು. ಫುಟ್‌ಬಾಲ್‌ನಲ್ಲಿ ಮಾತ್ರ ಬೆಂಗಳೂರು ಎಫ್‌ಸಿಯೇ ನಮ್ಮ ತಂಡ. 2023ರ ಮಾರ್ಚ್‌ನಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಆಡಿದ ತಂಡ ಮರು ವರ್ಷವೇ 10ನೇ ಸ್ಥಾನಕ್ಕೆ ಬಿತ್ತು. ನಡುವೆ ಕೋಚ್‌ನ ಬದಲಾಯಿಸಿದರು, ಆದರೂ ಮೇಲೆ ಬರಲಿಲ್ಲ. ತಪ್ಪಿದ್ದು ಎಲ್ಲಿ?

ಉತ್ತರ: ಕೊಡಗಿನ ಓದುಗರು ಬೇರೆ ಬೇರೆ ಮಾತಿನಲ್ಲಿ ಕೇಳುವ ಪ್ರಶ್ನೆ ಇದು. ಸಿಟ್ಟಿನಿಂದ ಕೇಳುವವರೂ ಇದ್ದಾರೆ, ಬೇಸರದಿಂದ ಕೇಳುವವರೂ ಇದ್ದಾರೆ. ಸಿದ್ದಾಪುರ, ವಿರಾಜಪೇಟೆ ಕಡೆಯವರಿಗೆ ಬೇಸರ ಒಂದು ಕೈ ಜಾಸ್ತಿಯೇ. ಅಲ್ಲಿ ಪಕ್ಕದ ಮನೆಯವರೇ ಕೇರಳ ಬ್ಲಾಸ್ಟರ್ಸ್ ಅಭಿಮಾನಿಗಳು. ಬೆಂಗಳೂರು ಸೋತ ಮರುದಿನ ಬೆಳಿಗ್ಗೆ ಅಂಗಡಿಗೆ ಹಾಲಿಗೆ ಹೋದರೂ ಮಾತು ಕೇಳಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. 2023-24ರ ಸೀಸನ್ ಹಾಳಾಗಿದ್ದು ಮೈದಾನದಲ್ಲಿ ಅನ್ನುವುದಕ್ಕಿಂತ, ಆಟ ಶುರುವಾಗುವ ಮುಂಚೆ ತಂಡ ಕಟ್ಟಿದ ರೀತಿಯಲ್ಲಿ. ಕೋಚ್ ಬದಲಾದ ಮೇಲೆ ಆಟ ಸ್ವಲ್ಪ ಸುಧಾರಿಸಿತು, ನಿಜ. ಆದರೆ ಆ ಸುಧಾರಣೆಯೂ ಸಾಲುತ್ತಿರಲಿಲ್ಲ. ಇದನ್ನು ಲೆಕ್ಕ ಹಾಕಿಯೇ ತೋರಿಸಬಹುದು.

ಮೊದಲು ಏನಾಯಿತು ಅಂತ ನೋಡೋಣ. ಆ ವರ್ಷ ಲೀಗ್‌ನಲ್ಲಿ 12 ತಂಡ, ಒಂದೊಂದಕ್ಕೂ 22 ಪಂದ್ಯ. ಬೆಂಗಳೂರು ಗೆದ್ದಿದ್ದು 5, ಡ್ರಾ 7, ಸೋಲು 10. ಒಟ್ಟು 22 ಪಾಯಿಂಟ್. ಹೊಡೆದ ಗೋಲು 20, ಬಿಟ್ಟುಕೊಟ್ಟದ್ದು 34. ಕೆಳಗೆ ಉಳಿದದ್ದು ಜಮ್‌ಶೆಡ್‌ಪುರ ಮತ್ತು ದುಡ್ಡಿನ ತೊಂದರೆಯಿಂದ ಕುಸಿದುಹೋಗಿದ್ದ ಹೈದರಾಬಾದ್ ಮಾತ್ರ. ಪ್ಲೇಆಫ್‌ಗೆ, ಅಂದರೆ ಲೀಗ್ ಮುಗಿದ ಮೇಲಿನ ನಾಕೌಟ್ ಪಂದ್ಯಗಳಿಗೆ, ಆಗ ಹೋಗುತ್ತಿದ್ದದ್ದು ಮೊದಲ ಆರು ತಂಡಗಳು. ಆರನೇ ಸ್ಥಾನದ ಚೆನ್ನೈಯಿನ್ ಪಡೆದದ್ದು 27 ಪಾಯಿಂಟ್. ಅಂದರೆ ಬೆಂಗಳೂರಿಗೆ ಕಮ್ಮಿ ಬಿದ್ದದ್ದು ಬರೀ 5 ಪಾಯಿಂಟ್, ಎರಡು ಗೆಲುವಿನಷ್ಟು ದೂರ.

ಈ ಐದು ಪಾಯಿಂಟ್ ನೋಡಿ ಹಲವರು "ಗ್ರಹಚಾರ, ಇನ್ನೇನು" ಅನ್ನುತ್ತಾರೆ. ನಮ್ಮ ಕಡೆ ಈ ಮಾತು ಬರುವುದು ಸಹಜವೇ. ಕೊಡವ ಕುಟುಂಬ ಹಾಕಿ ನಾಕೌಟ್ ಆಟ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ಗೆ 360 ಒಕ್ಕಗಳ (ಕೊಡವ ಕುಟುಂಬಗಳ) ತಂಡ ಬಂದಿದ್ದವು. ಅಲ್ಲಿ ಒಂದು ದಿನ ಆಟ ಕೈಕೊಟ್ಟರೆ ಆ ವರ್ಷದ ಕಥೆ ಮುಗಿಯಿತು. ಎಷ್ಟೇ ಒಳ್ಳೆಯ ತಂಡವಾದರೂ ಶೂಟೌಟ್‌ನಲ್ಲಿ ಸೋತು ಮನೆಗೆ ಹೋಗಬಹುದು. ಅಲ್ಲಿ ಅದೃಷ್ಟದ ಮಾತಾಡಿದರೆ ಅರ್ಥವಿದೆ. ಆದರೆ 22 ಪಂದ್ಯದ ಲೀಗ್‌ನಲ್ಲಿ ಹಾಗಲ್ಲ. ಒಂದು ದಿನ ರೆಫರಿ ನಿಮ್ಮ ವಿರುದ್ಧ ಹೋದರೆ ಇನ್ನೊಂದು ದಿನ ನಿಮ್ಮ ಕಡೆ ಬರುತ್ತದೆ. ಏಳು ತಿಂಗಳು ಆಡಿದ ಮೇಲೆ ಪಟ್ಟಿಯಲ್ಲಿ ಕಾಣುವುದು ತಂಡದ ನಿಜವಾದ ತೂಕ. ಆ ಸೀಸನ್‌ನ ಐದೂ ಗೆಲುವು ಬಂದದ್ದು ತಮ್ಮದೇ ಮೈದಾನ ಕಂಠೀರವದಲ್ಲಿ. ಹೊರಗೆ ಆಡಿದ 11 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಇದನ್ನು ಅದೃಷ್ಟದ ತಲೆಗೆ ಕಟ್ಟೋಕೆ ಆಗಲ್ಲ.

ಹಾಗಾದರೆ ಅದಕ್ಕೂ ಹಿಂದಿನ ವರ್ಷ ಫೈನಲ್ ಆಡಿದ್ದು? ನನ್ನ ಪ್ರಕಾರ ಎಲ್ಲರೂ ಗಮನಿಸದೆ ಬಿಟ್ಟಿದ್ದು ಇಲ್ಲೇ. 2022-23ರಲ್ಲಿ ಬೆಂಗಳೂರು 20 ಪಂದ್ಯದಲ್ಲಿ 34 ಪಾಯಿಂಟ್ ತಗೊಂಡು ನಾಲ್ಕನೇ ಸ್ಥಾನಕ್ಕೆ ಬಂತು. ಲೀಗ್‌ನ ಕೊನೆಯ ಎಂಟು ಪಂದ್ಯಗಳನ್ನು ಸಾಲಾಗಿ ಗೆದ್ದಿತು. ಎಂಟು ಗೆಲುವು ಅಂದರೆ 24 ಪಾಯಿಂಟ್. ಅಂದಮೇಲೆ ಅದಕ್ಕೂ ಮುಂಚಿನ 12 ಪಂದ್ಯಗಳಲ್ಲಿ ಸಿಕ್ಕಿದ್ದು ಬರೀ 10. ಆಮೇಲೆ ಪ್ಲೇಆಫ್‌ನಲ್ಲಿ ಬ್ಲಾಸ್ಟರ್ಸ್ ಎದುರು ಸುನಿಲ್ ಚೆಟ್ರಿ ತಟ್ಟನೆ ಹೊಡೆದ ಆ ಫ್ರೀ ಕಿಕ್, ಅದನ್ನು ಒಪ್ಪದೆ ಬ್ಲಾಸ್ಟರ್ಸ್ ಆಟಗಾರರು ಮೈದಾನ ಬಿಟ್ಟು ಹೊರನಡೆದದ್ದು, ಸೆಮಿಫೈನಲ್‌ನಲ್ಲಿ ಮುಂಬೈಯನ್ನು ಪೆನಾಲ್ಟಿಯಲ್ಲಿ 9-8ರಿಂದ ಹಿಂದಿಕ್ಕಿದ್ದು, ಫೈನಲ್‌ನಲ್ಲಿ ಎಟಿಕೆ ಮೋಹನ್ ಬಗಾನ್ ಎದುರು 2-2 ಆಗಿ ಪೆನಾಲ್ಟಿಯಲ್ಲೇ ಸೋತದ್ದು. ಇಷ್ಟೆಲ್ಲ ನೋಡಿದ ಮೇಲೆ ಮೊದಲ 12 ಪಂದ್ಯಗಳ ಆಟ ಯಾರಿಗೆ ನೆನಪಿರುತ್ತದೆ ಹೇಳಿ? ಆದರೆ ರೋಗ ಅಲ್ಲೇ ಇತ್ತು. ಎರಡು ತಿಂಗಳ ಒಳ್ಳೆಯ ಓಟ ಅದನ್ನು ಮುಚ್ಚಿಬಿಟ್ಟಿತ್ತು, ಅಷ್ಟೇ.

ಆಮೇಲೆ ಬಂತು 2023ರ ಆಟಗಾರರ ವರ್ಗಾವಣೆಯ ಹೊತ್ತು. ಫೈನಲ್ ಆಡಿದ ತಂಡದಿಂದ ಒಬ್ಬೊಬ್ಬರೇ ಹೊರಟರು. ಡಿಫೆನ್ಸ್‌ನ ನಡುವೆ ನಿಂತಿದ್ದ ಸಂದೇಶ್ ಜಿಂಗನ್ ಎಫ್‌ಸಿ ಗೋವಾಕ್ಕೆ. 2014ರಿಂದ ಇದೇ ಕ್ಲಬ್‌ನಲ್ಲಿದ್ದ ಉದಾಂತ ಸಿಂಗ್ ಕೂಡ ಗೋವಾಕ್ಕೇ. ಪ್ರಬೀರ್ ದಾಸ್ ಬ್ಲಾಸ್ಟರ್ಸ್‌ಗೆ. ಬ್ರೂನೊ ರಮಿರೆಸ್ ಹೋದರು. ಮುಂದಿನ ಸಾಲಿನ ರಾಯ್ ಕೃಷ್ಣ ಒಡಿಶಾಕ್ಕೆ ಹೋದರು. ರಾಯ್ ಕೃಷ್ಣ ಆ ಸೀಸನ್‌ನಲ್ಲಿ ಒಡಿಶಾ ಪರ 13 ಗೋಲು ಹೊಡೆದರು. ಇಡೀ ಬೆಂಗಳೂರು ತಂಡ ಸೇರಿ ಹೊಡೆದದ್ದು 20. ಗೋವಾ ಮೂರನೇ ಸ್ಥಾನ, ಒಡಿಶಾ ನಾಲ್ಕನೇ ಸ್ಥಾನ. ಬೇರೆ ಮಾತೇ ಬೇಕಿಲ್ಲ ಅಲ್ವಾ?

ಆಟಗಾರರು ಬರುವುದು, ಹೋಗುವುದು ಎಲ್ಲ ಕ್ಲಬ್‌ನಲ್ಲೂ ಇದ್ದದ್ದೇ. ತೊಂದರೆ ಆಗುವುದು ಬೆನ್ನೆಲುಬು ಒಮ್ಮೆಗೇ ಬದಲಾದಾಗ. ಗೋಲ್‌ಕೀಪರ್, ನಡುವಿನ ಡಿಫೆಂಡರ್‌ಗಳು, ನಡುವಿನ ಮಿಡ್‌ಫೀಲ್ಡರ್, ಸ್ಟ್ರೈಕರ್: ಮೈದಾನದ ಉದ್ದಕ್ಕೂ ಒಂದೇ ಗೆರೆಯಲ್ಲಿ ನಿಲ್ಲುವವರು ಇವರು. ಯಾರು ಚೆಂಡಿಗೆ ಹೋಗಬೇಕು, ಯಾರು ಹಿಂದೆ ಉಳಿಯಬೇಕು ಅನ್ನುವುದು ಇವರ ನಡುವೆ ಮಾತಿಲ್ಲದೆ ತೀರ್ಮಾನ ಆಗಬೇಕು. ಅದು ತಿಂಗಳುಗಟ್ಟಲೆ ಒಟ್ಟಿಗೆ ಆಡಿದರೆ ಮಾತ್ರ ಬರುವ ವಿದ್ಯೆ. ಜಿಂಗನ್, ಬ್ರೂನೊ, ಅಲೆಕ್ಸಾಂಡರ್ ಜೊವಾನೊವಿಚ್ ಮೂವರು ಸೇರಿ ಫೈನಲ್‌ವರೆಗೆ ಕಾದ ಹಿಂದಿನ ಸಾಲಿನಲ್ಲಿ ಉಳಿದದ್ದು ಜೊವಾನೊವಿಚ್ ಒಬ್ಬರೇ. ಸ್ಲಾವ್ಕೊ ದಮ್ಯಾನೊವಿಚ್, ಕೀಝಿಯಾ ವೀನ್‌ಡಾರ್ಪ್, ಜೆಸ್ಸೆಲ್ ಕಾರ್ನೇರೊ, ಕರ್ಟಿಸ್ ಮೇನ್, ರಯಾನ್ ವಿಲಿಯಮ್ಸ್, ಹೀಗೆ ಹೊಸಬರ ದಂಡೇ ಬಂತು. ಐಎಸ್‌ಎಲ್‌ನಲ್ಲಿ ಒಮ್ಮೆಗೆ ಮೈದಾನಕ್ಕೆ ಇಳಿಯಬಹುದಾದ ವಿದೇಶಿಯರು ನಾಲ್ಕೇ ಜನ. ಅವರಲ್ಲಿ ಇಬ್ಬರು ಹೊಂದಿಕೊಳ್ಳದಿದ್ದರೂ ಇಡೀ ತಂಡ ಕುಂಟುತ್ತದೆ.

ಮೊದಲ ಪಂದ್ಯದಲ್ಲೇ ಇದು ಕಣ್ಣಿಗೆ ಕಂಡಿತು. 2023ರ ಸೆಪ್ಟೆಂಬರ್ 21, ಕೊಚ್ಚಿ, ಎದುರಿಗೆ ಬ್ಲಾಸ್ಟರ್ಸ್, ಮೇಲಿಂದ ಮಳೆ. ಚೆಟ್ರಿ ಆಗ ಏಷ್ಯನ್ ಗೇಮ್ಸ್‌ಗೆ ಭಾರತ ತಂಡದ ಜೊತೆ ಚೀನಾದಲ್ಲಿದ್ದರು. ಮೊದಲ ಗೋಲು ಕಾರ್ನರ್‌ನಿಂದ ಬಂತು. ವೀನ್‌ಡಾರ್ಪ್ ಕಾಲಿಗೋ ಮೈಗೋ ತಾಗಿ ಚೆಂಡು ತಮ್ಮದೇ ಗೋಲಿಗೆ ಹೋಯಿತು. ಎರಡನೆಯದನ್ನು ನೋಡುವುದೇ ಕಷ್ಟ. ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಕಡೆಗೆ ಚೆಂಡು ಹಿಂದಕ್ಕೆ ಬಂತು. ಅಪಾಯವೇನೂ ಇರಲಿಲ್ಲ. ಅವರು ಕಾಲಲ್ಲಿ ಅದನ್ನು ಹಿಡಿದು ನಿಲ್ಲಿಸಲು ಹೋದರು, ಚೆಂಡು ಒಂದು ಹೆಜ್ಜೆ ಆಚೆ ಜಾರಿತು. ಅಷ್ಟು ಸಾಕಾಯಿತು ಬ್ಲಾಸ್ಟರ್ಸ್‌ನ ಏಡ್ರಿಯನ್ ಲೂನಾಗೆ. ನುಗ್ಗಿ ಬಂದು ಕಸಿದು ಗೋಲಿಗೆ ತಳ್ಳಿಬಿಟ್ಟರು. ಕೊನೆಗೆ ಮೇನ್ ಒಂದು ಗೋಲು ತಿರುಗಿಸಿದರೂ 2-1ರ ಸೋಲು ಸೋಲೇ.

ಮರುದಿನ ಎಲ್ಲರೂ ಗುರುಪ್ರೀತ್‌ನ ಬೈದರು. ಆ ತಪ್ಪು ಅವರದ್ದೇ, ಇಲ್ಲ ಅನ್ನಲ್ಲ. ಆದರೆ ಗೋಲ್‌ಕೀಪರ್ ಹತ್ತಿರ ಚೆಂಡು ಬಂದಾಗ ಅಕ್ಕಪಕ್ಕದ ಡಿಫೆಂಡರ್‌ಗಳು ಅಗಲವಾಗಿ ಸರಿದು ಪಾಸ್‌ಗೆ ಜಾಗ ತೋರಿಸಬೇಕು. ಪರಿಚಯವಿಲ್ಲದ ಸಾಲಿನಲ್ಲಿ ಕೀಪರ್ ಒಂದು ಗಳಿಗೆ ಜಾಸ್ತಿ ಯೋಚಿಸುತ್ತಾನೆ. ಎದುರಾಳಿಗೆ ಆ ಒಂದು ಗಳಿಗೆ ಸಾಕು. 34 ಗೋಲು ಒಬ್ಬ ಕೀಪರ್‌ನ ಕೈಯಿಂದ ಜಾರಿ ಹೋಗಲ್ಲ.

ಈಗ ಕೋಚ್ ವಿಷಯ. ಸೈಮನ್ ಗ್ರೇಸನ್ ಮೊದಲ ಒಂಬತ್ತು ಪಂದ್ಯಗಳಲ್ಲಿ ಒಂದು ಗೆದ್ದು, ನಾಲ್ಕು ಡ್ರಾ ಮಾಡಿ, ನಾಲ್ಕು ಸೋತರು. 7 ಪಾಯಿಂಟ್. ಕೊಡಗಿನಲ್ಲಿ ಅರೇಬಿಕಾ ಕೊಯ್ಲು ನಡೆಯುತ್ತಿದ್ದ ಡಿಸೆಂಬರ್ 8ರಂದು, ಕಂಠೀರವದಲ್ಲೇ ಮುಂಬೈ ಎದುರು 0-4. ಮರುದಿನ ಅವರನ್ನು ಕಳಿಸಿದರು. ಹೊಸದಾಗಿ ಬಂದ ಗೆರಾರ್ಡ್ ಜರಗೋಜಾ ಈ ಕ್ಲಬ್‌ಗೆ ಹೊಸಬರಲ್ಲ. ಕಾರ್ಲೆಸ್ ಕ್ವಾಡ್ರಾಟ್ ಕೋಚ್ ಆಗಿದ್ದಾಗ ಇಲ್ಲೇ ಸಹಾಯಕರಾಗಿದ್ದವರು.

ಗ್ರೇಸನ್ ಹೋದ ಮೇಲೆ ಉಳಿದದ್ದು 13 ಪಂದ್ಯ. ಅದರಲ್ಲಿ ಬಂದದ್ದು 15 ಪಾಯಿಂಟ್. ಪಂದ್ಯಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಮೊದಲಿಗಿಂತ ಉತ್ತಮ, ಸಂಶಯವಿಲ್ಲ. ಈಗ ಹೀಗೆ ಯೋಚಿಸಿ: ಇದೇ ವೇಗದಲ್ಲಿ ಮೊದಲ ದಿನದಿಂದ 22 ಪಂದ್ಯ ಆಡಿದ್ದರೂ ಸಿಗುತ್ತಿದ್ದದ್ದು ಸುಮಾರು 25 ಪಾಯಿಂಟ್. ಆರನೇ ಸ್ಥಾನಕ್ಕೆ ಬೇಕಾಗಿದ್ದದ್ದು 27! ಅಂದರೆ ಜರಗೋಜಾ ಸೆಪ್ಟೆಂಬರ್‌ನಲ್ಲೇ ಬಂದಿದ್ದರೂ ಆ ಆಟಗಾರರನ್ನು ಇಟ್ಟುಕೊಂಡು ಪ್ಲೇಆಫ್ ಕಷ್ಟವೇ ಇತ್ತು. ಗ್ರೇಸನ್ ಅವರ ಸರಾಸರಿಯನ್ನೂ ಹಿಂದಿನ ವರ್ಷದ ಮೊದಲ 12 ಪಂದ್ಯಗಳ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ 12 ಪಂದ್ಯಕ್ಕೆ 10, ಇಲ್ಲಿ 9 ಪಂದ್ಯಕ್ಕೆ 7. ಹೆಚ್ಚುಕಮ್ಮಿ ಒಂದೇ.

ನಡು ಸೀಸನ್‌ನಲ್ಲಿ ಬರುವ ಕೋಚ್‌ಗೆ ಕೈ ಕಟ್ಟಿದ ಹಾಗೆ. ಯಾವಾಗ ಬೇಕೋ ಆವಾಗ ಆಟಗಾರರನ್ನು ಕೊಳ್ಳೋಕೆ ಆಗಲ್ಲ. ಜನವರಿಯಲ್ಲಿ ವರ್ಗಾವಣೆ ಬಾಗಿಲು ತೆರೆದಾಗ ಹೈದರಾಬಾದ್‌ನಿಂದ ನಿಖಿಲ್ ಪೂಜಾರಿ, ಚಿಂಗ್ಲೆನ್ಸಾನಾ ಸಿಂಗ್ ಬಂದರು. ಒಳ್ಳೆಯ ಆಯ್ಕೆಗಳೇ. ಆದರೆ ಅದೇ ತಿಂಗಳು ಕತಾರ್‌ನಲ್ಲಿ ಏಷ್ಯನ್ ಕಪ್ ನಡೆಯಿತು. ಲೀಗ್‌ಗೆ ಬಿಡುವು ಸಿಕ್ಕಿದರೂ ಚೆಟ್ರಿ, ಗುರುಪ್ರೀತ್, ಸುರೇಶ್ ಸಿಂಗ್ ಮೂವರೂ ಭಾರತ ತಂಡದಲ್ಲಿದ್ದರು. ತಂಡವನ್ನು ಕೂಡಿಸಿ ಅಭ್ಯಾಸ ಮಾಡಿಸಬೇಕಾದ ಹೊತ್ತಿನಲ್ಲಿ ಮುಖ್ಯ ಆಟಗಾರರೇ ಇಲ್ಲ. ಮಾರ್ಚ್ 2ರಂದು ಕಂಠೀರವದಲ್ಲಿ ಬ್ಲಾಸ್ಟರ್ಸ್ ಎದುರು 1-0 ಗೆದ್ದಾಗ ಒಂದಿಷ್ಟು ಆಸೆ ಹುಟ್ಟಿತ್ತು. ಏಪ್ರಿಲ್ 11ರಂದು ಅದೇ ಮೈದಾನದಲ್ಲಿ ಮೋಹನ್ ಬಗಾನ್ 4-0 ಹೊಡೆದು ಸೀಸನ್ ಮುಗಿಸಿತು.

ಚೆಟ್ರಿಗೆ ವಯಸ್ಸಾಯಿತು, ಅದಕ್ಕೇ ಹೀಗಾಯಿತು ಅನ್ನುವವರಿಗೆ ಒಂದೇ ಉತ್ತರ. ಆಗ ಅವರಿಗೆ 39. ಮರು ವರ್ಷ 40 ದಾಟಿದ ಮೇಲೆ ಐಎಸ್‌ಎಲ್‌ನಲ್ಲಿ 14 ಗೋಲು ಹೊಡೆದರು. ಆ ಸೀಸನ್‌ನಲ್ಲಿ ಬೇರೆ ಯಾವ ಭಾರತೀಯನೂ ಅಷ್ಟು ಹೊಡೆಯಲಿಲ್ಲ. ವಯಸ್ಸು ಒಂದು ವರ್ಷ ಜಾಸ್ತಿಯಾಗಿತ್ತು. ಬದಲಾಗಿದ್ದು ಅವರಿಗೆ ಚೆಂಡು ತಂದುಕೊಡುವವರು.

2024ರಲ್ಲಿ ಕ್ಲಬ್ ಮಾಡಿದ ಕೆಲಸ ನನಗೆ ನಿಜಕ್ಕೂ ಇಷ್ಟವಾಯಿತು. ಕೋಚ್‌ನ ಕಳಿಸಲಿಲ್ಲ. 10ನೇ ಸ್ಥಾನದ ಕೋಚ್‌ಗೆ ಇನ್ನೊಂದು ಅವಕಾಶ ಕೊಡುವುದಕ್ಕೆ ಧೈರ್ಯ ಬೇಕು. ಐಎಸ್‌ಎಲ್‌ನಲ್ಲಿ ಕೆಳಗಿನ ಲೀಗ್‌ಗೆ ಇಳಿಸುವ ಶಿಕ್ಷೆ ಆಗ ಇಲ್ಲದ್ದರಿಂದ ಆ ಧೈರ್ಯ ಮಾಡಲು ಸಾಧ್ಯವಾಯಿತು ಅನ್ನುವುದೂ ನಿಜ. ಆ ಸಲ ಕೊಂಡವರನ್ನು ನೋಡಿ. ಮುಂಬೈ ಸಿಟಿಯಿಂದ ಆಲ್ಬರ್ಟೊ ನೊಗೇರಾ, ಹೋರ್ಹೆ ಪೆರೇರಾ ಡಿಯಾಜ್, ರಾಹುಲ್ ಭೇಕೆ. ಮೂವರಿಗೂ ಈ ಲೀಗ್ ಅಂಗೈ ಗೆರೆಯಷ್ಟು ಪರಿಚಯ. ಭೇಕೆಯಂತೂ 2019ರ ಫೈನಲ್‌ನಲ್ಲಿ ಗೋವಾ ಎದುರು 117ನೇ ನಿಮಿಷ ತಲೆಯಿಂದ ಗೋಲು ಹೊಡೆದು ಬೆಂಗಳೂರಿಗೆ ಏಕೈಕ ಐಎಸ್‌ಎಲ್ ಕಪ್ ತಂದುಕೊಟ್ಟವರು. ಅವರ ಜೊತೆಗೆ ಸ್ಪೇನ್‌ನ ಪೆಡ್ರೊ ಕಾಪೊ, ಎಡ್ಗರ್ ಮೆಂಡೆಜ್. ಡಿಫೆನ್ಸ್‌ನಲ್ಲಿ ಒಬ್ಬ, ಮಿಡ್‌ಫೀಲ್ಡ್‌ನಲ್ಲಿ ಇಬ್ಬರು, ಮುಂದೆ ಇಬ್ಬರು. ಕಳೆದುಹೋಗಿದ್ದ ಬೆನ್ನೆಲುಬನ್ನೇ ಹುಡುಕಿ ತುಂಬಿದ ಹಾಗಿತ್ತು. ಸೀಸನ್‌ಗೆ ಮುಂಚೆ ಮಳೆಗಾಲದಲ್ಲಿ ನಡೆಯುವ ಅಭ್ಯಾಸವೂ ಜರಗೋಜಾಗೆ ಪೂರ್ತಿ ಸಿಕ್ಕಿತು.

2024-25ರಲ್ಲಿ ಅದೇ ಕೋಚ್, 38 ಪಾಯಿಂಟ್, ಮೂರನೇ ಸ್ಥಾನ. ಪ್ಲೇಆಫ್‌ನಲ್ಲಿ ಕಂಠೀರವದಲ್ಲೇ ಮುಂಬೈ ಎದುರು 5-0 ಗೆಲುವು. ಸೆಮಿಫೈನಲ್‌ನಲ್ಲಿ ಗೋವಾವನ್ನು ದಾಟಿ, 2025ರ ಏಪ್ರಿಲ್ 12ರಂದು ಕೋಲ್ಕತ್ತದ ಫೈನಲ್‌ನಲ್ಲಿ ಮೋಹನ್ ಬಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 2-1ರ ಸೋಲು. ರಯಾನ್ ವಿಲಿಯಮ್ಸ್ ಮೊದಲ ವರ್ಷ ದಾರಿ ಹುಡುಕುತ್ತಿದ್ದವರು. ಎರಡನೇ ವರ್ಷ ಮೈದಾನದ ಅಂಚಿನಲ್ಲಿ, ವಿಂಗ್‌ನಲ್ಲಿ, ತಂಡದ ದೊಡ್ಡ ಬಲವಾದರು. ಆಟಗಾರ ಅದೇ, ಸುತ್ತಲಿನ ತಂಡ ಬೇರೆ.

ಹಾಗಿದ್ದರೆ ಗ್ರೇಸನ್‌ನ ತೆಗೆದದ್ದು ತಪ್ಪಾ ಅಂತ ಕೇಳಬಹುದು. ನನಗೆ ಹಾಗನ್ನಿಸಲ್ಲ. ಒಂಬತ್ತರಲ್ಲಿ ಒಂದು ಗೆಲುವು, ಮನೆಯಂಗಳದಲ್ಲಿ ನಾಲ್ಕು ಗೋಲು ತಿಂದ ಮೇಲೆ ಡ್ರೆಸ್ಸಿಂಗ್ ರೂಮ್‌ನಲ್ಲಿ ನಂಬಿಕೆ ಉಳಿಯುವುದು ಕಷ್ಟ. ಕೋಚ್ ಬದಲಾವಣೆ ಬೇಕಿತ್ತು. ನನ್ನ ತಕರಾರು ಬೇರೆ. ಆ ಹಿಂದಿನ ಸಾಲು, ಆ ಮುಂದಿನ ಸಾಲು ಹಾಗಾಗಲು ಕಾರಣವಾದ ಆಯ್ಕೆಗಳನ್ನು ಮಾಡಿದ್ದು ಕೋಚ್ ಒಬ್ಬರೇ ಅಲ್ಲ. ಯಾರನ್ನು ಉಳಿಸಿಕೊಳ್ಳಬೇಕು, ಯಾರಿಗೆ ಎಷ್ಟು ಕೊಡಬೇಕು ಅನ್ನುವುದು ಕ್ಲಬ್ ಆಡಳಿತ ಕೂತು ಮಾಡುವ ತೀರ್ಮಾನ. ಸೋತಾಗ ಕೆಲಸ ಕಳೆದುಕೊಂಡದ್ದು ಮಾತ್ರ ಒಬ್ಬರು. ಸುಂಟಿಕೊಪ್ಪದ ಫುಟ್‌ಬಾಲ್ ಟೂರ್ನಿಗೆ ತಂಡ ಕಟ್ಟುವ ಹುಡುಗರನ್ನೇ ಕೇಳಿ ನೋಡಿ. ಸೋತರೆ ಮೊದಲು ಬರುವ ಪ್ರಶ್ನೆ "ಅವನನ್ನು ಯಾಕೆ ಬಿಟ್ಟಿರಿ, ಇವನನ್ನು ಯಾಕೆ ಕರೆದಿರಿ" ಅಂತ. ವೃತ್ತಿಪರ ಕ್ಲಬ್‌ಗೂ ಅಭಿಮಾನಿಗಳು ಅದೇ ಪ್ರಶ್ನೆ ಕೇಳಬೇಕು, ಅದೂ ಡಿಸೆಂಬರ್‌ವರೆಗೆ ಕಾಯದೆ ಜೂನ್‌ನಲ್ಲೇ.